ಶ್ರೀತಾಳೆಯ ಸುಳಿ

"ಗುರುಗಳೇ, ನಾನು ವಿಶ್ವವಿದ್ಯಾಲಯದಲ್ಲಿ ಪರಿಸರ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಒಂದು ತಪ್ಪೂ ಇಲ್ಲದೆ ಬರೆಯುತ್ತಾರೆ. ಆದರೂ ಅವರು ಕಲಿತರೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕು ಹೇಳತೊಡಗಿದರು.

ಕಾಗದವಿಲ್ಲದ ಕಾಲದಲ್ಲಿ ಒಂದು ವಿದ್ಯಾಪೀಠವಿತ್ತು. ಅಲ್ಲಿನವರು ಶ್ರೀತಾಳೆ ಎಂಬ ತಾಳೆಮರದ ಗರಿಯ ಮೇಲೆ ಬರೆಯುತ್ತಿದ್ದರು. ಮರದ ಬಿಚ್ಚದ ಸುಳಿಯನ್ನು ಕೊಯ್ದು, ಅರಿಸಿನದ ನೀರಿನಲ್ಲಿ ಬೇಯಿಸಿ, ಒಣಗಿಸಿ ಓಲೆ ಮಾಡುತ್ತಿದ್ದರು. ವಿದ್ವಾಂಸರು ಸುಮ್ಮನಿರುವ ಜನವೇ? ಒಬ್ಬ ಗ್ರಂಥ ಬರೆದರೆ ಇನ್ನೊಬ್ಬ ಅದಕ್ಕೆ ಟೀಕೆ ಬರೆದ. ಆ ಟೀಕೆಗೆ ಮತ್ತೊಬ್ಬ ಟಿಪ್ಪಣಿ ಬರೆದ. ಮರಗಳು ಒಂದೊಂದಾಗಿ ಸೊರಗಿ ಸತ್ತವು. ಯಾರೂ ತಲೆಯೆತ್ತಿ ನೋಡಲಿಲ್ಲ.

ಒಬ್ಬ ವಿದ್ವಾಂಸ ಮಾತ್ರ ನೋಡಿದ. ಹನ್ನೆರಡು ವರ್ಷ ಆ ಮರಗಳ ಬೆನ್ನು ಹತ್ತಿದ. ಶ್ರೀತಾಳೆ ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬೀಜ ಕೊಟ್ಟು ಸಾಯುತ್ತದೆ. ಸುಳಿ ಕೊಯ್ಯುತ್ತ ಹೋದರೆ ಹೂ ಬಿಡುವ ಮೊದಲೇ ಸಾಯುತ್ತದೆ. ಇದನ್ನೆಲ್ಲ ಅವನು ಕಂಡುಕೊಂಡ. ಇನ್ನು ಬರೆಯುವುದೊಂದೇ ಬಾಕಿ.

ಹೊಸ ಗ್ರಂಥವನ್ನು ತಲೆಯ ಮೇಲೆ ಹೊತ್ತು ಸಭೆಗೆ ಬಂದವನಿಗೇ ಆಚಾರ್ಯ ಪೀಠ ಎಂಬುದು ಅಲ್ಲಿನ ಪದ್ಧತಿ. ಆ ವರ್ಷ ಪೀಠ ಖಾಲಿಯಿತ್ತು. ಇವನಿಗೆ ಅದರ ಮೇಲೆ ಬಹಳ ಆಸೆಯಿತ್ತು. ಆದರೆ ವಿದ್ಯಾಪೀಠದ ತೋಟದಲ್ಲಿ ಉಳಿದದ್ದು ಒಂದೇ ಶ್ರೀತಾಳೆ. ಗ್ರಂಥ ಬರೆಯಲು ಓಲೆ ಬೇಕೆಂದು ಅದರ ಸುಳಿ ಕೊಯ್ಯಲು ತೋಟಗಾರನಿಗೆ ಹೇಳಿದ.

ತೋಟಗಾರ ಏಣಿ ಹತ್ತಿ ಕತ್ತಿ ಎತ್ತಿದವನು ಕೇಳಿದ. "ಅಯ್ಯನವರೇ, ನನಗೆ ಓದ್ಲಿಕ್ಕೆ ಬರುವುದಿಲ್ಲ. ನೀವು ಬರೆಯುವ ಗ್ರಂಥದಲ್ಲಿ ಎಂತ ಉಂಟು?"

"ಹೂ ಬಿಡುವ ತನಕ ಶ್ರೀತಾಳೆಯ ಸುಳಿಗೆ ಕತ್ತಿ ಹಾಕಬಾರದು ಎಂದು ಬರೆಯುತ್ತೇನೆ" ಎಂದ ವಿದ್ವಾಂಸ ಹೆಮ್ಮೆಯಿಂದ.

ತೋಟಗಾರ ಸ್ವಲ್ಪ ಯೋಚಿಸಿ ಕೆಳಗಿಳಿದ. "ಹಾಗಾದ್ರೆ ನಾನು ಕೊಯ್ಯುವುದಿಲ್ಲ" ಎಂದ.

ವಿದ್ವಾಂಸನಿಗೆ ಸಿಟ್ಟು ನೆತ್ತಿಗೇರಿತು. ಕತ್ತಿ ಕಿತ್ತುಕೊಂಡು ತಾನೇ ಏಣಿಯ ಎರಡು ಮೆಟ್ಟಿಲು ಹತ್ತಿದ. ಈಗಷ್ಟೇ ತಾನಾಡಿದ ಮಾತು ನೆನಪಾಗಿ ಮೂರನೆಯದಕ್ಕೆ ಕಾಲೇಳಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಇಳಿದುಬಿಟ್ಟ.

ಸಭೆಗೆ ಬರಿದಲೆಯಲ್ಲಿ ಹೋದ. ಜನ ಆಡಿಕೊಂಡರು. ಪೀಠ ಮೊದಲೇ ಓಲೆ ಕೂಡಿಟ್ಟುಕೊಂಡು ಬರೆದು ತಂದ ಟಿಪ್ಪಣಿಕಾರನ ಪಾಲಾಯಿತು. ಇವನಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಊಟ ರುಚಿಸಿತು, ನಿದ್ದೆಯೂ ಬಂತು. ಗೊತ್ತಿದ್ದುದನ್ನು ಕೇಳಬಂದವರಿಗೆ ಬಾಯಿಪಾಠ ಮಾಡಿಸುತ್ತ ಸುಖವಾಗಿದ್ದ. ಅದಾಗಿ ಒಂಬತ್ತನೆಯ ವರ್ಷ ಮರ ಹೂ ಬಿಟ್ಟಿತು, ಕಾಯಿ ಕಟ್ಟಿತು. ಅವನೂ ತೋಟಗಾರನೂ ಬೀಜ ಆಯ್ದು ನೆಟ್ಟರು. ಆ ದಿನ ಇಬ್ಬರಿಗೂ ಹಬ್ಬ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಪೀಠ ತಪ್ಪಿತು, ಗ್ರಂಥವೂ ಆಗಲಿಲ್ಲ. ಹನ್ನೆರಡು ವರ್ಷ ದುಡಿದು ಅವನು ಪಡೆದದ್ದೇನು?" ಎಂದ.

"ತಾನು ಹೇಳಿದ ಪಾಠವನ್ನು ಅವನು ಕಲಿತ, ನೀನು ಹೇಳುವ ಪಾಠವನ್ನು ನೀನು ಕಲಿತೆಯೇನಪ್ಪಾ?" ಎಂದರು ಗುರುಗಳು.