ಉಸಿರು ಕಡಿದ ಮುಂಗುಸಿ

ಕಬಡ್ಡಿ ಮುಗಿದ ಮೇಲೆ ತೀರ್ಪುಗಾರನನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಆಟಗಾರರನ್ನೇ ಕೇಳುವುದು ಆ ಕಾಡಿನ ಪದ್ಧತಿ. ಕೇಳಬೇಕಾದದ್ದು ಯಜಮಾನ ಕರಡಿ. ಜೇನು ಎಂದು ಕೊಟ್ಟರೂ ಮೂಸಿ ನೋಡದೆ ಬಾಯಿಗೆ ಹಾಕುವ ಜಾಯಮಾನ ಅದರದಲ್ಲ.

ಒಂದೇ ಅಂಕದಿಂದ ಸೋತ ನರಿ ಮೊದಲು ಬಂತು. “ಆ ತೀರ್ಪುಗಾರ ಕೊಕ್ಕರೆಗೆ ಕಣ್ಣೇ ಕಾಣಿಸೋದಿಲ್ಲ, ಕರಡಿಯಜ್ಜ!”

“ಸೋತೆ ತಾನೆ? ನಡಿ.”

ಆಮೇಲೆ ಗೆದ್ದ ತಂಡದ ಮೊಲ ಬಂತು. “ಕೊಕ್ಕರೆ ದೇವರಂಥದ್ದು, ಅಜ್ಜ.”

“ಗೆದ್ದೆ ತಾನೆ? ನೀನೂ ನಡಿ.”

ಕೊನೆಗೆ ಮೊಲದ ತಂಡದ್ದೇ ಆದ ಮುಂಗುಸಿ ತಲೆ ತಗ್ಗಿಸಿ ನಿಂತಿತು. “ಕೊನೆಯ ದಾಳಿಯಲ್ಲಿ ಎದುರಾಳಿಗಳ ಅಂಕಣದಲ್ಲೇ ನನ್ನ ಉಸಿರು ಕಡಿಯಿತು, ಅಜ್ಜ. ನಾನು ಔಟು. ಆಗ ಕೊಕ್ಕರೆ ಕೆರೆಯ ಮೀನು ನೋಡುತ್ತಿತ್ತು; ನಾನು ಒಬ್ಬನನ್ನು ಮುಟ್ಟಿ ಬಂದೆನೆಂದು ನಮಗೇ ಒಂದು ಅಂಕ ಕೊಟ್ಟಿತು.”

ಕರಡಿಯ ಗುಮಾನಿ ಇನ್ನೂ ಹೆಚ್ಚಾಯಿತು. ಕೊಕ್ಕರೆಯ ಜಾಗದ ಮೇಲೆ ಇದಕ್ಕೇ ಕಣ್ಣಿರಬಹುದೇ? “ಹಾಗಾದರೆ ಆ ಅಂಕವನ್ನು ನರಿಗೆ ಕೊಟ್ಟು, ಅವರೇ ಗೆದ್ದರು ಅಂತ ಸಾರುತ್ತೇನೆ. ಒಪ್ಪಿಗೆಯೇ?”

“ನಮ್ಮವರು ನನ್ನನ್ನು ಸುಮ್ಮನೆ ಬಿಡೋದಿಲ್ಲ. ಆದರೂ ಹಾಗೇ ಮಾಡಿ.”

ಕರಡಿ ಹಾಗೇ ಸಾರಿ, ಕೊಕ್ಕರೆಯಿಂದ ಸೀಟಿ ಇಸಿದುಕೊಂಡಿತು.

“ಆಟಗಾರರ ಮಾತು ಕಟ್ಟಿಕೊಂಡು ನನ್ನನ್ನು ತೆಗೆಯುತ್ತೀರಾ?” ಎಂದು ಕೊಕ್ಕರೆ ರೇಗಿತು.

“ಎಲ್ಲರ ಮಾತಲ್ಲ. ಗೆಲುವನ್ನೇ ಬಿಟ್ಟುಕೊಟ್ಟವನ ಮಾತು.”

ಅಷ್ಟರಲ್ಲಿ ನರಿ ಓಡಿಬಂದು ಕಾಲಿಗೆ ಬಿತ್ತು. “ಅಜ್ಜ, ನೀವೇ ದೇವರು!”

ಕರಡಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಿತು. “ಗೆದ್ದೆ ತಾನೆ? ನಡಿ.”