ಗಿಣಿ ಕಲಿಯದೆ ಬಿಟ್ಟ ಪಾಠ

ನೊಂದ ಮನಸ್ಸಿಗೆ ಮದ್ದು ಮಾಡುವ ವಿದ್ಯೆ ಕಲಿಸುತ್ತಿದ್ದ ಆಮೆಯಜ್ಜಿಯ ಶಾಲೆಯಲ್ಲಿ ಗಿಣಿಯೇ ಜಾಣೆ. ನೊಂದವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳಿದರೆ, ಕೇಳಿಸಿಕೊಂಡಿದ್ದೇವೆಂದು ಅವರಿಗೆ ಗೊತ್ತಾಗುತ್ತದೆ ಎಂಬುದು ಅಲ್ಲಿನ ಮೊದಲ ಪಾಠ. ಗಿಣಿಗೆ ಇದಕ್ಕಿಂತ ಸುಲಭದ್ದು ಇನ್ನೇನಿದೆ?

ಸಾಕಿದ ಯಜಮಾನನೇ ಒದ್ದು ಅಟ್ಟಿದ ನಾಯಿಯೊಂದು ಅವಳ ಪಾಲಿಗೆ ಬಂತು. ತಿಂಗಳಾದ ಮೇಲೆ ಅದು ಬಾಯಿಬಿಟ್ಟಿತು. "ಅನ್ನ ಹಾಕಿದವನೇ ಒಂದು ದಿನ 'ಹಚಾ!' ಅಂದ ಕಣಕ್ಕ."

"ಹಚಾ!" ಎಂದಳು ಗಿಣಿ, ಅದೇ ಗತ್ತಿನಲ್ಲಿ.

ನಾಯಿ ಬಾಲ ಮುದುರಿ ಪೊದೆಗೆ ನುಗ್ಗಿತು.

ಗಿಣಿ ಗುರುವಿನ ಬಳಿ ಹಾರಿದಳು. "ಅಜ್ಜಿ, ಕೆಲಸ ಕೆಟ್ಟಿತು. ಅವನನ್ನು ನನ್ನ ಜೊತೆ ಕಲಿಯುವ ಮೈನಾಳಿಗೆ ಒಪ್ಪಿಸಿಬಿಡಿ."

"ಅವನನ್ನು ನೋಯಿಸಿದವರು ಯಾರಾದರೂ ಇದುವರೆಗೆ ತಿರುಗಿ ಬಂದಿದ್ದಾರೇನೇ?"

"ಇಲ್ಲ."

"ಮತ್ತೆ ಮೈನಾ ಯಾಕೆ? ನೋಯಿಸಿದವಳು ನೀನು. ನೀನೇ ಹೋಗು."

ಗಿಣಿ ಪೊದೆಯ ಮುಂದೆ, ನಾಯಿಯ ಬಾಯಿಗೆ ಎಟುಕುವಷ್ಟು ಹತ್ತಿರ, ನೆಲದ ಮೇಲೆ ಕೂತಳು. "ತಪ್ಪು ನನ್ನದು ಕಣಪ್ಪ. ನಿನ್ನನ್ನು ಹೆದರಿಸಿಬಿಟ್ಟೆ" ಎಂದಳು. ಯಾರಿಂದಲೂ ಕೇಳಿ ಕಲಿತ ಮಾತಲ್ಲ ಅದು.

ಬಹಳ ಹೊತ್ತಿನ ಮೇಲೆ ಪೊದೆಯಿಂದ ಮೂತಿಯೊಂದು ಹೊರಬಂತು. "ನಾಳೆ ಬರ್ತೀಯಾ?"

"ನಾಳೆ ಬರ್ತೀ..." ಎಂದು ಶುರುಮಾಡಿದ ಗಿಣಿ ನಾಲಿಗೆ ಕಚ್ಚಿಕೊಂಡಳು.

"ಬರ್ತೀನಿ" ಎಂದಳು.