ಬಕ್ಕೇಶ ಕೊಂದ ಆರು ಟ್ಯೂಬು

ಹನ್ನೊಂದು ಗೇಮ್ ಯಂತ್ರ, ಮೂರು ಲಕ್ಷ ಮೂವತ್ತು ಸಾವಿರ ರೂಪಾಯಿ. ಷರತ್ತು ಒಂದೇ: ಒಂಬತ್ತು ಪಿಕ್ಚರ್ ಟ್ಯೂಬಾದರೂ ಬದುಕಿರಬೇಕು. ಎಂಟೇ ಸಿಕ್ಕಿದರೆ ವ್ಯಾಪಾರ ಇಲ್ಲ, ಹನ್ನೊಂದೂ ಗುಜರಿಗೆ.

ಕೊಳ್ಳುವವರು ಹೋಟೆಲ್ ಮಾಲೀಕ ಪದ್ಮರಾಜಯ್ಯ. ಮಾರುವವರು ಹಾಲಸಿದ್ದಪ್ಪ. ಹರಿಹರದಲ್ಲಿ ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ಕೂತು ನಲವತ್ತು ವರ್ಷ ಟಿವಿ ರಿಪೇರಿ ಮಾಡಿದವರು. ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯೊಂದರಿಂದ ಈ ಯಂತ್ರಗಳನ್ನು ಸಗಟಾಗಿ ಎತ್ತಿದ್ದರು.

ಪರೀಕ್ಷೆಯ ಕೆಲಸ ಶಿಷ್ಯ ಬಕ್ಕೇಶನಿಗೆ ಬಿತ್ತು. ಆರು ವರ್ಷದಿಂದ ಆತ ನೆಲದ ಮೇಲೆ ಕೂತೇ ಬೆಸುಗೆ ಹಾಕುತ್ತಿದ್ದ. ಇದನ್ನು ಸರಿಯಾಗಿ ಮಾಡಿದರೆ ಕಿಟಕಿ ಪಕ್ಕದ ಬೆಂಚು ನಿನ್ನದು ಅಂದಿದ್ದರು ಗುರುಗಳು.

ಬಕ್ಕೇಶ ಟ್ಯೂಬ್ ಟೆಸ್ಟರ್ ಹಿಡಿದು ಹೊರಟ. ಅದರ ಸಾಕೆಟ್ಟನ್ನು ಟ್ಯೂಬಿನ ಕೊರಳಿಗೆ ಸಿಕ್ಕಿಸುವುದು, ಮುಳ್ಳು ಹಸಿರಿಗೆ ಹೋದರೆ ಬದುಕಿದೆ, ಕೆಂಪಿನಲ್ಲೇ ಕೂತರೆ ಸತ್ತಿದೆ. ಸತ್ತದ್ದಕ್ಕೆ ಸೀಮೆಸುಣ್ಣದಲ್ಲಿ ಗೀಟು.

ಮಧ್ಯಾಹ್ನದ ಹೊತ್ತಿಗೆ ಬಂದು ಗುರುಗಳ ಮುಂದೆ ನಿಂತ. ಐದು ಬದುಕಿವೆ, ಆರು ಸತ್ತಿವೆ ಎಂದು ವರದಿ ಒಪ್ಪಿಸಿದ. ಮೊದಲ ಐದು ಚೆನ್ನಾಗಿವೆಯಂತೆ. ಆರನೆಯದಕ್ಕೆ ಮುಳ್ಳು ಹಸಿರಿಗೆ ಹೋದರೂ ಪರದೆಯ ಮೂಲೆಯಲ್ಲಿ ನೇರಳೆ ಕಲೆಯಂತೆ, ಅದಕ್ಕೇ ಗೀಟಂತೆ. ಏಳರಿಂದ ಹನ್ನೊಂದರವರೆಗೆ ಮುಳ್ಳು ಕೆಂಪು ಬಿಟ್ಟು ಅಲ್ಲಾಡಲಿಲ್ಲವಂತೆ. ಆ ಐದಕ್ಕೂ ಟೆಸ್ಟರಿನ ಶಾಕ್ ಕೊಟ್ಟು ಜೀವ ಬರಿಸಲು ನೋಡಲೇ ಎಂದು ಕೇಳಿದ.

ಗುರುಗಳು ಎಲೆ ಅಡಿಕೆ ಅಗಿಯುತ್ತಿದ್ದರು.

"ಒಂದೇ ಸಾಲಿನಲ್ಲಿ ಮಲಗಿದ್ದ ಐದು ಜನ ಒಟ್ಟಿಗೇ ಸತ್ತರೆ ಯಾರ ಮೇಲೆ ಅನುಮಾನ ಪಡ್ತೀಯ?"

ಬಕ್ಕೇಶ ಯೋಚಿಸಿದ. "ಡಾಕ್ಟರ ಮೇಲೆ."

"ಹಂಗಾದ್ರೆ ಆ ಡಾಕ್ಟರನ್ನ ನಮ್ಮ ಟಿವಿ ಹತ್ರ ಕರ್ಕೊಂಡು ಬಾ."

ಶೆಡ್ಡಿನ ಮೂಲೆಯಲ್ಲಿ ಅವರದೇ ಹಳೇ ಟಿವಿ ಇತ್ತು. ಬಕ್ಕೇಶ ಅದರ ಹಿಂಬದಿ ಬಿಚ್ಚಿ ಟೆಸ್ಟರ್ ಸಿಕ್ಕಿಸಿದ. ಮುಳ್ಳು ಕೆಂಪಿನಲ್ಲೇ ಕೂತಿತು.

"ಇದೂ ಸತ್ತಿದೆ ಗುರುಗಳೇ."

"ನಿನ್ನೆ ಸಂಜೆ ಇದರಲ್ಲಿ ಮ್ಯಾಚ್ ನೋಡಿ ಕುಣಿದೆಯಲ್ಲ, ಅದೇನು ದೆವ್ವ ಆಡಿದ್ದಾ?"

ಬಕ್ಕೇಶ ಟೆಸ್ಟರಿನ ಸಾಕೆಟ್ಟನ್ನು ಬೆಳಕಿಗೆ ಹಿಡಿದ. ಮೊದಲೇ ಕಿಲುಬು ಹಿಡಿದಿದ್ದ ಒಂದು ತೂತು, ಆರು ಸಲ ಸಿಕ್ಕಿಸಿ ಕಿತ್ತದ್ದಕ್ಕೆ ಹಿಡಿತ ಸಡಿಲವಾಗಿತ್ತು. ಉಜ್ಜಿ, ಬಿಗಿ ಮಾಡಿ, ಮತ್ತೆ ಸಿಕ್ಕಿಸಿದ. ಟಿವಿ ಬದುಕಿತು. ಏಳು, ಎಂಟು, ಒಂಬತ್ತು, ಹತ್ತು ಒಂದರ ಹಿಂದೊಂದು ಎದ್ದು ಕೂತವು. ಶಾಕ್ ಕೊಟ್ಟಿದ್ದರೆ ಆ ನಾಲ್ಕೂ ನಿಜವಾಗಿಯೇ ಹೋಗಿಬಿಡುತ್ತಿದ್ದವು.

ಒಂಬತ್ತಾಯಿತು, ವ್ಯಾಪಾರ ಉಳಿಯಿತು ಎಂದು ಬಕ್ಕೇಶ ಚಾ ತರಲು ಹೊರಟ. ಗುರುಗಳು ತಡೆದು, ಆರನೆಯ ಯಂತ್ರದ ಹಿಂಬದಿಯ ಸಂದಿಯಲ್ಲಿ ಒಮ್ಮೆ ಇಣುಕಿ, ಅದರ ಮುಂದೆ ನಿಂತು ಕೈ ಮುಗಿದರು. ಬಕ್ಕೇಶನಿಗೆ ಏನೂ ತಿಳಿಯಲಿಲ್ಲ. ಇರಲಿ ಎಂದು ಆತನೂ ಮುಗಿದ.

"ಯಾರಿಗೆ ಮುಗಿದೆ?"

"ನೀವು ಮುಗಿದಿರಲ್ಲ, ಅದಕ್ಕೆ."

ಗುರುಗಳು ಯಂತ್ರದ ಹಿಂಬಾಗಿಲು ತೆಗೆದರು. ಟ್ಯೂಬಿನ ಕಬ್ಬಿಣದ ಚೌಕಟ್ಟಿನ ಮೇಲೆ ಪುಟ್ಟ ಗಣಪ, ಕಾರಿನಲ್ಲಿ ಇಡುವಂಥದ್ದು, ಬುಡದ ಮ್ಯಾಗ್ನೆಟ್ಟಿನಿಂದ ಗಟ್ಟಿಯಾಗಿ ಅಂಟಿಕೊಂಡಿದ್ದ. ಗೇಮ್ ಅಂಗಡಿಯವನು ಗಲ್ಲಾ ತುಂಬಲಿ ಎಂದು ಇಟ್ಟದ್ದು. ಮ್ಯಾಗ್ನೆಟ್ಟು ಹತ್ತಿರ ಬಂದರೆ ಪರದೆಯ ಬಣ್ಣ ಕೆಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಕ್ಕೇಶನಿಗೆ ಗೊತ್ತಿತ್ತು, ಆದರೆ ಆತ ಟ್ಯೂಬಿನ ಕೊರಳು ಬಿಟ್ಟು ಬೇರೆಲ್ಲೂ ಕಣ್ಣು ಹಾಯಿಸಿರಲಿಲ್ಲ.

ಗುರುಗಳು ಗಣಪನನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನಲ್ಲಿ ಕೂರಿಸಿದರು. ಪರದೆಯ ಮುಂದೆ ಮ್ಯಾಗ್ನೆಟ್ಟಿನ ಪ್ರಭಾವ ಕಳೆಯುವ ತಂತಿ ಸುರುಳಿಯನ್ನು ನಾಲ್ಕು ಸುತ್ತು ಆಡಿಸಿದರು. ಕಲೆ ಮಾಯ.

ಈಗ ಬಕ್ಕೇಶನಿಗೆ ಹುಮ್ಮಸ್ಸು ಬಂತು. ಹನ್ನೊಂದನೆಯದೂ ಸತ್ತಿರಲಿಕ್ಕಿಲ್ಲ ಎಂದು ವಾದಕ್ಕೆ ನಿಂತ. ಸಾಕೆಟ್ಟನ್ನು ಮೂರು ಸಲ ಉಜ್ಜಿದ. ಯಂತ್ರದೊಳಕ್ಕೆ ತಲೆ ಹಾಕಿ ಎರಡನೇ ಗಣಪನನ್ನು ಹುಡುಕಿದ.

"ಸಾಕು ಬಿಡು. ಅದು ಸತ್ತಿದೆ."

"ಟೆಸ್ಟರ್ ಮುಟ್ಟದೇನೇ ಹೇಗೆ ಹೇಳ್ತೀರಿ ಗುರುಗಳೇ?"

ಗುರುಗಳು ಟ್ಯೂಬಿನ ಕೊರಳನ್ನು ತೋರಿಸಿದರು. ಗಾಜಿನೊಳಗೆ ಕನ್ನಡಿಯಂತೆ ಹೊಳೆಯಬೇಕಾದ ಮಚ್ಚೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಎಲ್ಲೋ ಬಿರುಕು ಬಿಟ್ಟು, ಗಾಳಿಯೇ ಇರಬಾರದ ಟ್ಯೂಬಿನೊಳಗೆ ಗಾಳಿ ನುಗ್ಗಿತ್ತು.

ಸಂಜೆ ಪದ್ಮರಾಜಯ್ಯ ಬಂದರು. ಹತ್ತು ಪರದೆ ಹೊತ್ತಿಸಿ ನೋಡಿದರು, ಎರಡು ಆಟ ಆಡಿದರು, ಎರಡರಲ್ಲೂ ಸೋತರು, ಮಾತಾಡಿದಷ್ಟೂ ಕೊಟ್ಟು ಲಾರಿ ಹೇರಿಸಿದರು.

ಲಾರಿ ಹೋದ ಮೇಲೆ ಬಕ್ಕೇಶ ಕಿಟಕಿಯ ಕಡೆ ನೋಡುತ್ತ ನಿಂತ.

ಗುರುಗಳೇ ಅಂದರು: "ನಿನ್ನ ಲೆಕ್ಕದಲ್ಲಿ ಆರು ಸಾವು, ನಿಜಕ್ಕೂ ಸತ್ತದ್ದು ಒಂದು. ಇವತ್ತು ಸಿಕ್ಕಿದ್ದು ಐದು ಟ್ಯೂಬು, ಅರ್ಧ ಶಿಷ್ಯ. ಹೋಗು, ಅರ್ಧ ಬೆಂಚು ಒರೆಸ್ಕೊ."